ತಾತನಿಗೆ ಯಾಕೆ ಸಮಾಧಿ ಇಲ್ಲ ಅಂತ ಮಗ ಕೇಳುತ್ತಿದ್ದಾನೆ. ಎಲ್ಲಿಗೆ ಕರೆದುಕೊಂಡು ಹೋಗಲಿ?

ಕಾವೇರಿ ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಮ್ಮ ಅಪ್ಪ ತೀರಿಕೊಂಡರು. ಮೈಸೂರಿನಲ್ಲೇ ದಹನ ಆಯಿತು. ಮೂರನೇ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಸ್ಥಿ ಬಿಟ್ಟು ಬಂದೆವು. ನನ್ನ ಮಗನಿಗೆ ಹನ್ನೊಂದು ವರ್ಷ, ತಾತನ ಪಕ್ಕದಲ್ಲೇ ಮಲಗಿ ಬೆಳೆದವನು. ಮಡಕೆ ನೀರಿಗೆ ಬಿಟ್ಟಾಗ ಅವನು ಒಂದು ಮಾತೂ ಆಡಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಸುಮ್ನೆ ತಿರುಗಾಡಿಸಿಕೊಂಡು ಬರೋಣ ಅಂತ ಗುಂಬಜ್‌ಗೆ ಕರೆದುಕೊಂಡು ಹೋಗಿದ್ದೆ. ಹೊರಗಿನ ಕಪ್ಪು ಕಲ್ಲಿನ ಕಂಬಗಳನ್ನು ಒಂದೊಂದೇ ಮುಟ್ಟಿಕೊಂಡು ಎಣಿಸಿದ. ಒಳಗೆ ಹೈದರಾಲಿ, ಫಕ್ರುನ್ನೀಸಾ ಬೇಗಂ, ಟಿಪ್ಪು, ಮೂವರೂ ಒಂದೇ ಗುಮ್ಮಟದ ಕೆಳಗೆ ಇದ್ದಾರೆ. ಗೋಡೆ ತುಂಬ ಹುಲಿಪಟ್ಟೆಯ ಬಣ್ಣ. ಅದನ್ನೆಲ್ಲ ನೋಡಿದ, ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಟಿಪ್ಪು 1799ರಲ್ಲೇ ಸತ್ತರೂ ಇಲ್ಲಿ ಜಾಗ ಇದೆ. ತಾತನನ್ನು ನೋಡಬೇಕು ಅನಿಸಿದರೆ ನಾನು ಎಲ್ಲಿಗೆ ಹೋಗಲಿ?" ಅಂದ. ಏನು ಹೇಳಬೇಕೋ ತಿಳಿಯಲಿಲ್ಲ. ಹೊಳೆ ತೋರಿಸಿದೆ. ಅವನಿಗೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಪ್ಪ ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಹಾರ್ಮೋನಿಯಂ ನುಡಿಸುತ್ತಿದ್ದರು, ಕುವೆಂಪು ಅಂದರೆ ಪ್ರಾಣ. ತೊಂಬತ್ತರ ದಶಕದಲ್ಲಿ ಮಹದೇಶ್ವರ ಬೆಟ್ಟದ ಕಡೆ ಡ್ಯೂಟಿ ಮಾಡಿದ್ದರು, ಆ ದಿನಗಳ ಬಗ್ಗೆ ಮಾತ್ರ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಡಿಸೆಂಬರ್ ಕೊನೆಗೆ ಮಗನಿಗೆ ರಜೆ ಇದೆ. ಕವಿಗಳು, ಗಾಯಕರು, ಪೊಲೀಸರು, ಯಾರಾದರೂ ಸರಿ, ನಾಡಿಗಾಗಿ ಬದುಕಿದವರನ್ನು ಮಣ್ಣು ಮಾಡಿದ ಜಾಗಕ್ಕೋ ಸ್ಮಾರಕಕ್ಕೋ ಅವನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಹೋದವರನ್ನು ಜನ ಹೇಗೆಲ್ಲ ನೆನಪಿಟ್ಟುಕೊಳ್ಳುತ್ತಾರೆ ಅಂತ ಅವನೇ ನೋಡಲಿ. ನೀವು ಸ್ವತಃ ಹೋಗಿ ಬಂದ ಜಾಗ ಇದ್ದರೆ ಹೇಳಿ.

ತೀರ್ಥಹಳ್ಳಿ ಮಳೆ ಬರೆದದ್ದು:

ನಿಮ್ಮ ತಂದೆಯವರ ಸುದ್ದಿ ಓದಿ ಬೇಜಾರಾಯಿತು. ಅವರಿಗೆ ಕುವೆಂಪು ಇಷ್ಟ ಅಂದಿರಲ್ಲ, ಹಾಗಾದರೆ ಕುಪ್ಪಳಿಗೆ ಬನ್ನಿ. ಬೇರೆ ಯೋಚನೆಯೇ ಬೇಡ.

ಕುವೆಂಪು ತೀರಿಕೊಂಡಿದ್ದು ನಿಮ್ಮ ಮೈಸೂರಿನಲ್ಲಿ, 1994ರ ನವೆಂಬರ್ 11ರಂದು. ಬದುಕಿದ್ದೂ ಜಾಸ್ತಿ ಅಲ್ಲೇ, ಒಂಟಿಕೊಪ್ಪಲಿನ ಉದಯರವಿಯಲ್ಲಿ. ಆದರೆ ಕೊನೆಗೆ ಅವರನ್ನು ತಂದದ್ದು ಇಲ್ಲಿಗೆ, ಕವಿಶೈಲಕ್ಕೆ. ಚಿಕ್ಕಂದಿನಲ್ಲಿ ಸಂಜೆ ಹೊತ್ತು ಹತ್ತಿ ಕೂರುತ್ತಿದ್ದ ಬಂಡೆಯ ಮೇಲೇ ಅಂತ್ಯಸಂಸ್ಕಾರ ಆಯಿತು. ಈಗ ಅಲ್ಲಿ ದೊಡ್ಡ ದೊಡ್ಡ ಕಲ್ಲುಕಂಬ ನಿಲ್ಲಿಸಿ, ಮೇಲೆ ಅಡ್ಡಕ್ಕೆ ಕಲ್ಲು ಇಟ್ಟಿದ್ದಾರೆ, ಬಾಗಿಲೇ ಇಲ್ಲದ ಬಾಗಿಲುವಾಡಗಳ ಹಾಗೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ ಅದು. ಮಧ್ಯದಲ್ಲಿ ನಿಂತರೆ ಎದುರಿಗೆ ಬರೀ ಕಾಡು, ಗುಡ್ಡದ ಹಿಂದೆ ಗುಡ್ಡ.

ಬಂಡೆಯಲ್ಲಿ ಒಂದು ಕಡೆ ಅಕ್ಷರ ಕೆತ್ತಿದೆ, ಅದನ್ನು ನಿಮ್ಮ ಮಗನಿಗೆ ತಪ್ಪದೆ ತೋರಿಸಿ. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು, ಮೂವರ ಹೆಸರೂ ಅಲ್ಲಿದೆ. ಗುರುಗಳು ಶಿಷ್ಯನ ಊರಿಗೆ ಬಂದಾಗ ಕೆತ್ತಿದ್ದು. ಬಗ್ಗಿ ಬೆರಳಿಟ್ಟು ಓದಬೇಕು, ಮಳೆಗಾಲ ಮುಗಿದ ಹೊಸದರಲ್ಲಿ ಪಾಚಿ ಕೂತಿರುತ್ತದೆ. ನಾನು ಹೋದಾಗಲೆಲ್ಲ ಸಮಾಧಿಗಿಂತ ಮೊದಲು ಅಲ್ಲೇ ಕೂರುತ್ತೇನೆ, ಯಾಕೆಂದರೆ ಅದು ಅವರು ಬದುಕಿದ್ದಾಗಿನ ಗುರುತು ಅಲ್ವಾ.

ಅದೇ ಆವರಣದಲ್ಲಿ ತೇಜಸ್ವಿಯವರ ಸ್ಮಾರಕವೂ ಇದೆ. ಅವರು ಮೂಡಿಗೆರೆಯ ತಮ್ಮ ತೋಟದಲ್ಲಿ 2007ರ ಏಪ್ರಿಲ್ 5ರಂದು ಹೋದರು. ಅಪ್ಪನ ನೆರಳಿನಿಂದ ದೂರ ಹೋಗಿ ತಮ್ಮದೇ ಬದುಕು ಕಟ್ಟಿಕೊಂಡ ಮಗ, ಕೊನೆಗೆ ಅಪ್ಪನ ಗುಡ್ಡದಲ್ಲೇ ಜಾಗ ಪಡೆದರು. ಇದನ್ನು ನೆನೆದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆ ಹಿಡಿದರೆ ಗಡಿಕಲ್ಲಿನ ಹತ್ತಿರ ಕುಪ್ಪಳಿಗೆ ತಿರುವು ಸಿಗುತ್ತದೆ. ಮಧ್ಯಾಹ್ನ ಬೇಡ, ಬಂಡೆ ಕಾಯ್ದಿರುತ್ತದೆ. ಮೊದಲು ಕೆಳಗೆ ಕವಿಮನೆ ನೋಡಿ, ನಾಲ್ಕು ಗಂಟೆ ಮೇಲೆ ಹತ್ತಿ.

ಗದಗಿನ ಅಕ್ಕ ಬರೆದದ್ದು:

ತಂಗೀ, ನಿಮ್ಮ ತಂದಿ ಹಾರ್ಮೋನಿಯಂ ನುಡಿಸುತ್ತಿದ್ದರು ಅಂದ ಮೇಲೆ ಗದಗಿಗೆ ಬರಲೇಬೇಕು. ನಮ್ಮ ಕಡೆ ಸಮಾಧಿ ಅನ್ನೋದಕ್ಕಿಂತ ಗದ್ದುಗೆ ಅನ್ನೋದು ಜಾಸ್ತಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಗದ್ದುಗೆ ಇದೆ, ಪುಟ್ಟರಾಜ ಗವಾಯಿಗಳ ಗದ್ದುಗೆ ಇದೆ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ.

ಪಂಚಾಕ್ಷರಿ ಅಜ್ಜಾರು 1944ರಲ್ಲಿ ಹೋದ ಮೇಲೆ ಆಶ್ರಮದ ಭಾರ ಪೂರಾ ಶಿಷ್ಯನ ಹೆಗಲಿಗೆ ಬಿತ್ತು. ಕಣ್ಣಿಲ್ಲದ ಮಕ್ಕಳು, ತಂದೆ ತಾಯಿ ಇಲ್ಲದ ಮಕ್ಕಳು, ಅವರಿಗೆ ಊಟ, ಬಟ್ಟೆ, ಪಾಠ ಎಲ್ಲ ಆಗಬೇಕಲ್ಲ. ನಾಟಕ ಕಂಪನಿ ನಡೆಸಿ ಅದರ ಹಣದಲ್ಲಿ ಮಕ್ಕಳನ್ನು ಸಾಕಿದರು. ಭಕ್ತರು ತುಲಾಭಾರ ಮಾಡಿದರೆ ಆ ದುಡ್ಡೂ ಆಶ್ರಮಕ್ಕೆ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಹತ್ತಿರ ಕಲಿತವರು, ವೆಂಕಟೇಶಕುಮಾರ್ ಪುಟ್ಟರಾಜರ ಹತ್ತಿರ ಕಲಿತವರು. ಇವರ ಹಾಡು ನಿಮ್ಮ ತಂದೆ ಖಂಡಿತ ಕೇಳಿರುತ್ತಾರೆ.

2010ರ ಸೆಪ್ಟೆಂಬರ್ 17ಕ್ಕೆ ಪುಟ್ಟರಾಜ ಅಜ್ಜಾರು ಹೋದರು. ಊರಿಗೆ ಊರೇ ಬೀದಿಗೆ ಬಂದಿತ್ತು, ನಾನೂ ಆ ಜನದೊಳಗೆ ಇದ್ದೆ. ದರ್ಶನ ಆಗುತ್ತದೋ ಇಲ್ಲವೋ ಅಂತ ಯಾರೂ ಕೇಳುತ್ತಿರಲಿಲ್ಲ, ಸುಮ್ಮನೆ ನಿಂತಿದ್ದರು. ನನ್ನ ಮುಂದೆ ಒಬ್ಬ ಹುಡುಗ, ಕಣ್ಣು ಕಾಣದವನು, ಇನ್ನೊಬ್ಬ ಹುಡುಗನ ಹೆಗಲ ಮೇಲೆ ಕೈ ಇಟ್ಟುಕೊಂಡು ಹೋಗುತ್ತಿದ್ದ. ಅಳುತ್ತಿರಲಿಲ್ಲ. ಹೆಗಲ ಮೇಲಿದ್ದ ಆ ಬೆರಳುಗಳು ಸ್ವರ ಒತ್ತಿದಂತೆ ಒಂದೇ ಸಮ ಆಡುತ್ತಿದ್ದವು.

ಬಂದರೆ ಹೊರಗಿಂದ ಕೈಮುಗಿದು ಹೊರಡಬೇಡಿ. ಗದ್ದುಗೆ ಹತ್ತಿರ ಸ್ವಲ್ಪ ಹೊತ್ತು ಕೂತಿರಿ. ಒಂದು ಕೋಣೆಯಲ್ಲಿ ತಬಲಾ, ಇನ್ನೊಂದರಲ್ಲಿ ಸರಿಗಮ, ಎಲ್ಲೋ ಒಂದು ಕಡೆ ಹಾರ್ಮೋನಿಯಂ ಕೇಳುತ್ತಿರುತ್ತದೆ. ಆ ಮಕ್ಕಳು ಸರಿಸುಮಾರು ನಿಮ್ಮ ಮಗನ ವಯಸ್ಸಿನವರೇ.

ಹನೂರಿನ ದಾರಿ ಬರೆದದ್ದು:

ಅಕ್ಕಾ, ನಿಮ್ಮ ತಂದೆ ನಮ್ಮ ಕಡೆ ಡ್ಯೂಟಿ ಮಾಡಿದವರು ಅಂತ ಓದಿ ಬರೆಯದೆ ಇರಲಾಗಲಿಲ್ಲ. ಆ ಕಾಲದವರು ಯಾಕೆ ಬಾಯಿ ಬಿಡುವುದಿಲ್ಲ ಅಂತ ನಮಗೆ ಗೊತ್ತು. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ಕಡೆಯವರು ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದರು. ಆಗಸ್ಟ್ 14ಕ್ಕೆ ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಹೋದರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಪಾಲಾರ್ ಕಡೆ ನೆಲಬಾಂಬಿಗೆ 22 ಜನ ಬಲಿಯಾದರು. ಬೆಳಗ್ಗೆ ಜೊತೆಗೆ ಟೀ ಕುಡಿದವನು ಸಂಜೆ ಇರುತ್ತಿರಲಿಲ್ಲ. ಅದನ್ನು ಮನೆಗೆ ಬಂದು ಮಕ್ಕಳಿಗೆ ಹೇಗೆ ಹೇಳುತ್ತಾರೆ?

ಮಗನನ್ನು ಗೋಪಿನಾಥಂಗೆ ಕರೆದುಕೊಂಡು ಬನ್ನಿ ಅಂತ ನಾನು ಕೇಳಿಕೊಳ್ಳುತ್ತೇನೆ. ಅದು ವೀರಪ್ಪನ್ ಊರು ಅಂತ ಎಲ್ಲರಿಗೂ ಗೊತ್ತು. ಆದರೆ ಅಲ್ಲಿಗೆ ಹೋಗಬೇಕಾದ್ದು ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಅವರಿಗಾಗಿ. ಆಂಧ್ರದ ರಾಜಮಹೇಂದ್ರಿಯವರು. ವೀರಪ್ಪನ್‌ನನ್ನು ಹಿಡಿಯಬೇಕಾದರೆ ಮೊದಲು ಅವನ ಊರಿನ ಜನರ ಜೊತೆ ಬದುಕಬೇಕು ಅಂತ ಅಲ್ಲೇ ಬಂದು ಉಳಿದರು. ಕುಡಿಯುವ ನೀರು, ಔಷಧಿ, ಬಡವರಿಗೆ ಮನೆ, ಇವನ್ನೆಲ್ಲ ಓಡಾಡಿ ಮಾಡಿಸಿದರು. ಮಾರಿಯಮ್ಮನ ಗುಡಿ ಕಟ್ಟಿಸಿದರು. ಪೊಲೀಸರ ಭಯ ಒಂದು ಕಡೆ, ವೀರಪ್ಪನ್ ಭಯ ಇನ್ನೊಂದು ಕಡೆ ಇದ್ದ ಊರಲ್ಲಿ ಒಬ್ಬ ಆಫೀಸರ್ ಹೀಗೆ ಇದ್ದದ್ದನ್ನು ಜನ ಅದಕ್ಕಿಂತ ಮುಂಚೆ ಕಂಡಿರಲಿಲ್ಲ.

1991ರ ನವೆಂಬರ್ 10. ಶರಣಾಗುತ್ತೇನೆ, ಆಯುಧ ಇಲ್ಲದೆ ಬನ್ನಿ ಅಂತ ಹೇಳಿ ಕಳಿಸಿದ್ದ. ನಂಬಿ ಬರಿಗೈಯಲ್ಲಿ ಕಾಡಿನೊಳಗೆ ನಡೆದರು. ಎರಕೆಯಂ ಹತ್ತಿರ ಅವರನ್ನು ಕೊಂದ. ಹೇಗೆ ಕೊಂದ ಅಂತ ನಾನಿಲ್ಲಿ ಬರೆಯಲ್ಲ, ನಿಮ್ಮ ಮಗ ಓದಿದರೂ ಓದಬಹುದು. ಮೂವತ್ತೇಳು ವರ್ಷ ವಯಸ್ಸು ಅವರಿಗೆ. ಸರ್ಕಾರ ಆಮೇಲೆ ಕೀರ್ತಿಚಕ್ರ ಕೊಟ್ಟಿತು.

ಆ ಗುಡಿಯಲ್ಲಿ ಅವರ ಫೋಟೋ ಇದೆ. ನಮ್ಮ ಅವ್ವ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಾಳೆ. ಅಮ್ಮನಿಗೆ ಕುಂಕುಮ ಹಚ್ಚಿ, ಅದೇ ಬೆರಳಲ್ಲಿ ಉಳಿದದ್ದನ್ನು ಆ ಫೋಟೋದ ಗಾಜಿಗೆ ಹಚ್ಚುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಮೆಟ್ಟೂರಿನ ಹತ್ತಿರ ಮೂಲಕ್ಕಾಡಿನಲ್ಲಿ ವೀರಪ್ಪನ್ ಸಮಾಧಿಯೂ ಇದೆ, 2004ರಲ್ಲಿ ಅಲ್ಲಿ ಮಣ್ಣು ಮಾಡಿದರು. ಅದನ್ನು ನೋಡಲು ದೂರದೂರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ, ಹೋಗುವ ದಾರಿಯಲ್ಲಿ ನಮ್ಮನ್ನೂ ವಿಳಾಸ ಕೇಳುತ್ತಾರೆ. ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರ ಬಂದವರು ಇನ್ನೊಂದು ಸ್ವಲ್ಪ ಈ ಕಡೆ ತಿರುಗಿ ಆ ಗುಡಿಗೆ ಬಂದು ಹೋಗಬಾರದಾ ಅನಿಸುತ್ತದೆ.

ನಂದಗಡ ರಸ್ತೆ ಬರೆದದ್ದು:

ನಮ್ಮ ರಾಯಣ್ಣನನ್ನು ಮರೀಬೇಡಿ. 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿ ಮೇಲೆ ಆಲದ ಮರ ಬೆಳೆದಿದೆ, ಅವನ ಜೊತೆಗಾರನೇ ನೆಟ್ಟಿದ್ದು ಅಂತ ನಮ್ಮಲ್ಲಿ ಹೇಳುತ್ತಾರೆ. ಹರಕೆ ಹೊತ್ತವರು ಬರುತ್ತಾರೆ, ಆ ಮರಕ್ಕೇ ಕೈಮುಗಿಯುತ್ತಾರೆ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ, 1829ರ ಫೆಬ್ರವರಿ 2ರಂದು ಅಲ್ಲೇ ಸೆರೆಯಲ್ಲಿ ಹೋದಳು. ನಿಮಗೆ ಇಲ್ಲಿಗೆ ದೂರ ಆಗುತ್ತದೆ, ಅದು ಗೊತ್ತು. ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಯಶವಂತಪುರ ಆಟೋ ಬರೆದದ್ದು:

ಎಲ್ಲರೂ ದೂರದ್ದು ಹೇಳಿದ್ದಾರೆ, ನಾನು ಹತ್ತಿರದ್ದು ಹೇಳುತ್ತೇನೆ ಮೇಡಂ. ಬೆಂಗಳೂರಿಗೆ ಬಂದರೆ ಕಂಠೀರವ ಸ್ಟುಡಿಯೋ. ಅಣ್ಣಾವ್ರು, ಪಾರ್ವತಮ್ಮನವರು, ಅಪ್ಪು, ಮೂವರೂ ಅಲ್ಲೇ. ನೀವು ಗುಂಬಜ್‌ನಲ್ಲಿ ನೋಡಿದ ಹಾಗೇ ಅಪ್ಪ, ಅಮ್ಮ, ಮಗ. ಅಪ್ಪುವನ್ನು ಮಣ್ಣು ಮಾಡಿದ್ದು 2021ರ ಅಕ್ಟೋಬರ್ 31ಕ್ಕೆ, 46 ವರ್ಷ ಅಷ್ಟೇ. ನಾನು ವಾರಕ್ಕೆ ಎರಡು ಮೂರು ಸಲವಾದರೂ ಬಾಡಿಗೆ ತರುತ್ತೇನೆ ಅಲ್ಲಿಗೆ. ಒಮ್ಮೆ ರಾಯಚೂರು ಕಡೆಯ ಒಬ್ಬ ಯಜಮಾನರು ಮದುವೆ ಕಾರ್ಡ್ ತಂದಿದ್ದರು, ಮೊದಲ ಕಾರ್ಡ್ ಇಲ್ಲಿ ಇಡಬೇಕು ಅಂತ. ಇಟ್ಟು, ಎದುರಿಗೆ ನಿಂತು ಮುಹೂರ್ತದ ಟೈಮು, ಛತ್ರದ ಹೆಸರು ಎಲ್ಲ ಬಾಯಿಬಿಟ್ಟು ಹೇಳಿದರು, ಮನೆಗೆ ಹೋಗಿ ಕರೆದ ಹಾಗೆ. ನಾನು ಮೀಟರ್ ನಿಲ್ಲಿಸಿಬಿಟ್ಟೆ.

ಮಗುವಿಗೆ ಇನ್ನೊಂದು ವಿಷಯವೂ ಹೇಳಿ. ಅಣ್ಣಾವ್ರು 2006ರಲ್ಲಿ ಹೋದಾಗ ಕಣ್ಣು ದಾನ ಕೊಟ್ಟಿದ್ದರು, ಅಪ್ಪು ಹೋದಾಗಲೂ ಕೊಟ್ಟರು. ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆ ನಾಲ್ವರೂ ನಮ್ಮ ಹಾಗೇ ಎಲ್ಲೋ ಓಡಾಡಿಕೊಂಡಿದ್ದಾರೆ.

ಕಾವೇರಿ ದಂಡೆ ಬರೆದದ್ದು:

ಎಲ್ಲವನ್ನೂ ಮಗನ ಪಕ್ಕ ಕೂತು ಓದಿದೆ. ಹನೂರಿನ ದಾರಿಯವರು ಬರೆದದ್ದನ್ನು ಎರಡು ಸಲ ಓದಿಸಿದ. ಆಮೇಲೆ ಎದ್ದು ಹೋಗಿ ತಾತನ ಟ್ರಂಕು ತೆಗೆದ. ಅದರಲ್ಲಿ ಹಳೇ ಬೆಲ್ಟು, ಒಂದು ವಿಷಲ್, ಮತ್ತೆ ಒಂದು ಗ್ರೂಪ್ ಫೋಟೋ ಇತ್ತು. ನಾನು ಆ ಫೋಟೋ ನೋಡಿಯೇ ಇರಲಿಲ್ಲ. ಹತ್ತು ಹನ್ನೆರಡು ಜನ ಜೀಪಿನ ಮುಂದೆ ನಿಂತಿದ್ದಾರೆ, ಹಿಂದೆ ಬೆಟ್ಟ. ಅಪ್ಪ ಎಡಗಡೆಯಿಂದ ಮೂರನೆಯವರು, ಎಷ್ಟು ತೆಳ್ಳಗಿದ್ದಾರೆ ಅಂದರೆ ಮೊದಲಿಗೆ ಗುರುತೇ ಸಿಗಲಿಲ್ಲ. ಫೋಟೋದ ಹಿಂದೆ ಅವರ ಅಕ್ಷರದಲ್ಲಿ ಹೆಸರುಗಳಿವೆ. ನಾಲ್ಕು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಒಂದೊಂದು ಚುಕ್ಕೆ ಇಟ್ಟಿದ್ದಾರೆ. ಯಾಕೆ ಅಂತ ಅವನು ಕೇಳಿದ, ನಾನು ಹೇಳಿದೆ.

ಮೊದಲು ಗೋಪಿನಾಥಂ ಅಂತ ಅವನೇ ತೀರ್ಮಾನ ಮಾಡಿದ್ದಾನೆ. ಆಮೇಲೆ ಕುಪ್ಪಳಿ. ಗದಗಿನ ಅಕ್ಕಾ, ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಕಡೆ ಬರುತ್ತೇವೆ, ಹಾರ್ಮೋನಿಯಂ ಆಶ್ರಮದ ಮಕ್ಕಳಿಗೆ ಕೊಟ್ಟರೆ ತಗೊಳ್ಳುತ್ತಾರಾ ಅಂತ ಸ್ವಲ್ಪ ವಿಚಾರಿಸಿ ಹೇಳಿ.

ಹನೂರಿನವರೇ, ಬೆಟ್ಟ ಇಳಿದು ಪಾಲಾರ್ ದಾಟಿದ ಮೇಲೆ ಗೋಪಿನಾಥಂವರೆಗೆ ಸಣ್ಣ ಕಾರು ಹೋಗುತ್ತಾ? ಬೆಳಗ್ಗೆ ಮೈಸೂರು ಬಿಟ್ಟರೆ ಕತ್ತಲಾಗುವ ಮುಂಚೆ ಬೆಟ್ಟಕ್ಕೆ ವಾಪಸ್ ಬರಬಹುದಾ? ಮತ್ತೆ ನಿಮ್ಮ ಅವ್ವ ಯಾವ ತಿಂಗಳಲ್ಲಿ ಹೋಗುತ್ತಾರೆ ಅಂತ ತಿಳಿಸಿ, ಆಗುವ ಹಾಗಿದ್ದರೆ ಅವರ ಜೊತೆಯಲ್ಲೇ ಗುಡಿಗೆ ಹೋಗುತ್ತೇವೆ.