ಅಪ್‌ಡೇಟ್: ಸಿಕಲ್ ಸೆಲ್ ಇರುವ ಹುಡುಗನಿಗೆ ಕಬ್ಬಿಣದ ಮಾತ್ರೆ

ಸಿಕಲ್ ಸೆಲ್ ಕಾಯಿಲೆಯಿರುವ ನನ್ನ ತಂಗಿಯ ಮಗನಿಗೆ ಹಿಮೋಗ್ಲೋಬಿನ್ 7.8 ಇರುವುದರಿಂದ ಕಬ್ಬಿಣದ ಮಾತ್ರೆ ಕೊಡಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಹುಬ್ಬಳ್ಳಿಯಲ್ಲಿ ಫೆರಿಟಿನ್ (ದೇಹದಲ್ಲಿ ಶೇಖರವಾಗಿರುವ ಕಬ್ಬಿಣವನ್ನು ಸೂಚಿಸುವ) ಪರೀಕ್ಷೆ ಮಾಡಿಸಿದೆವು, 1,640 ಬಂದಿತು, ಅಂದರೆ ಬಹಳ ಹೆಚ್ಚು. ಈ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗುವುದು ಮುಖ್ಯವಾಗಿ ಕೆಂಪು ಕಣಗಳು ಬೇಗ ಒಡೆಯುವುದರಿಂದ, ಮೇಲಾಗಿ ಏರಿಸಿದ ಪ್ರತಿ ಯೂನಿಟ್ ರಕ್ತದೊಂದಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ, ಹೆಚ್ಚಾದುದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ ಎಂದು ರಕ್ತರೋಗ ತಜ್ಞರು ವಿವರಿಸಿದರು. ನೋವು, ಜ್ವರದ ದಿನಗಳಲ್ಲಿ ಫೆರಿಟಿನ್ ತಾನಾಗಿಯೇ ಏರುವುದರಿಂದ, ಅವನು ಆರಾಮವಾಗಿರುವಾಗ ಮತ್ತೊಮ್ಮೆ ಪರೀಕ್ಷಿಸಿ, ಯಕೃತ್ತಿನ ಎಂಆರ್‌ಐ ನೋಡಿದ ಮೇಲೆಯೇ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ಔಷಧಿ ಡೆಫೆರಾಸಿರಾಕ್ಸ್ ಬಗ್ಗೆ ನಿರ್ಧರಿಸುತ್ತಾರಂತೆ. ಊರಿನ ಔಷಧಿ ಅಂಗಡಿಯಿಂದ ತಂದಿದ್ದ ಟಾನಿಕ್ ನಿಲ್ಲಿಸಿದ್ದೇವೆ (ಅದರಲ್ಲೂ ಕಬ್ಬಿಣವಿತ್ತು!), ಫೋಲಿಕ್ ಆಸಿಡ್ ಮಾತ್ರ ಮುಂದುವರಿದಿದೆ.