ಕುಡಿತ ಬಿಡುವವರ ಮೀಟಿಂಗ್: ಮನೋವೈದ್ಯರಿಗೆ ನಮ್ಮ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಇವತ್ತು ಸಂಜೆ ಡಾಕ್ಟರ್ ನಮ್ಮ ಜೊತೆ ಇರುತ್ತಾರೆ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಮತ್ತು ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳಿ. ಹೆಸರು ಬೇಡ, ಊರು ಹಾಕಿ ಸಾಕು.

ಹಾಸನ: ಎಎ ಮೀಟಿಂಗ್ ಎಲ್ಲಿದೆ ಅಂತ ಹುಡುಕುವುದು ಹೇಗೆ ಸರ್? ಫೀಸ್ ಎಷ್ಟು?

ಡಾಕ್ಟರ್: ಫೀಸ್ ಇಲ್ಲ. ಮೀಟಿಂಗ್‌ನಲ್ಲಿ ಒಂದು ಡಬ್ಬಿ ತಿರುಗುತ್ತದೆ, ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ. ಹೆಸರು ನೋಂದಾಯಿಸಬೇಕಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಆಯಿತು, ಅದೊಂದೇ ಅರ್ಹತೆ. ಎಎಯ ಭಾರತದ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿ ನೋಡಿ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ, ಜಾಗ, ಸಮಯ ಬದಲಾಗಿರಬಹುದು. ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತ ತಿಳಿಯಲು ಸರ್ಕಾರದ ಸಹಾಯವಾಣಿ 14446.

ತುಮಕೂರು: ಗಂಡನ ಜೊತೆ ನಾನೂ ಒಳಗೆ ಕೂರಬಹುದಾ?

ಡಾಕ್ಟರ್: ಓಪನ್ ಮೀಟಿಂಗ್ ಆದರೆ ಕೂರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ. ಗಂಡ ಬರಲಿ, ಬಿಡಲಿ, ನೀವು ಅಲ್ಲಿಗೆ ಹೋಗಿ.

ದಾವಣಗೆರೆ: ಫೀಸ್ ಎಷ್ಟು ಆಗುತ್ತೆ ಡಾಕ್ಟ್ರೇ?

ಡಾಕ್ಟರ್: ಇಲ್ಲ. ಮೇಲೆ ಬರೆದಿದ್ದೇನೆ.

ಚಿತ್ರದುರ್ಗ: ನಮ್ಮಣ್ಣ ತುಂಬಾ ವರ್ಷದಿಂದ ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದ. ಭಾನುವಾರ ಮೊದಲನೇ ಮೀಟಿಂಗ್. ಅಲ್ಲಿಗೆ ಕುಡಿಯದೆ ಹೋಗಬೇಕು ಅಂತ ಮೊನ್ನೆ ರಾತ್ರಿಯಿಂದ ಪೂರ್ತಿ ನಿಲ್ಲಿಸಿದ್ದಾನೆ. ಕೈ ನಡುಗುತ್ತಿದೆ, ನಿದ್ದೆ ಇಲ್ಲ. ಮಧ್ಯಾಹ್ನದಿಂದ ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತಾನೆ. ಒಂದೂ ಇಲ್ಲ. ರೂಮಿನಲ್ಲಿ ಕೂರಿಸಿ ಚಿಲಕ ಹಾಕಿದ್ದೇವೆ. ಭಾನುವಾರದವರೆಗೆ ಹೇಗೆ ತಡೆಯುವುದು?

ಡಾಕ್ಟರ್: ತಡೆಯಬೇಡಿ. ಈಗಲೇ 108ಕ್ಕೆ ಫೋನ್ ಮಾಡಿ, ಆಮೇಲೆ ಉಳಿದಿದ್ದು ಓದಿ.

ಚಿಲಕ ತೆಗೆಯಿರಿ. ಒಬ್ಬರು ಪಕ್ಕದಲ್ಲೇ ಇರಿ, ಲೈಟ್ ಹಾಕಿರಲಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಮೆದುಳು ಕೆರಳುತ್ತದೆ. ಹೆಂಡ ಇಷ್ಟು ದಿನ ಅದನ್ನು ಅದುಮಿ ಇಟ್ಟಿತ್ತು. ನಡುಕ, ಬೆವರು ಮೊದಲ ದಿನವೇ ಶುರುವಾಗುತ್ತದೆ. ಫಿಟ್ಸ್ ಬಂದರೆ ಹೆಚ್ಚಾಗಿ 48 ಗಂಟೆಯೊಳಗೆ. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಗಲಿಬಿಲಿ, ಜ್ವರ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ನಿಮ್ಮಣ್ಣ ಆ ಹೊಸ್ತಿಲಲ್ಲಿ ಇದ್ದಾರೆ ಅಂತ ನನಗೆ ಭಯ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು, ಸಿಕ್ಕರೆ ಬಹಳಷ್ಟು ಜನ ಕೆಲವೇ ದಿನದಲ್ಲಿ ಸುಧಾರಿಸುತ್ತಾರೆ.

ಆಸ್ಪತ್ರೆಯಲ್ಲಿ ನಾಚಿಕೆಪಟ್ಟು ಮುಚ್ಚಿಡಬೇಡಿ. ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ ಕುಡಿದರು, ಎರಡನ್ನೂ ಹೇಳಿ. ಗ್ಲೂಕೋಸ್ ಹಾಕಿ ಅಂತ ನೀವಾಗಿ ಒತ್ತಾಯ ಮಾಡಬೇಡಿ. ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಕಡಿಮೆ ಇರುತ್ತದೆ, ಆ ಇಂಜೆಕ್ಷನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಮೆಡಿಕಲ್ ಶಾಪಿನ ನಿದ್ದೆ ಮಾತ್ರೆ ಬೇಡ. ಮೀಟಿಂಗ್ ಎಲ್ಲೂ ಓಡಿಹೋಗುವುದಿಲ್ಲ. ಬಿಡಬೇಕು ಅಂತ ಅವರಿಗೇ ಅನಿಸಿದೆ, ಅದು ದೊಡ್ಡದು. ಡಿಸ್ಚಾರ್ಜ್ ಆದ ವಾರವೇ ಕರೆದುಕೊಂಡು ಹೋಗಿ.

ಶಿವಮೊಗ್ಗ: ಫಾರ್ವರ್ಡ್ ಬಂದಿದೆ ನೋಡಿ. ಒಂದು ಪುಡಿ, ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸಿದರೆ 10 ದಿನದಲ್ಲಿ ಕುಡಿತ ಬಿಡುತ್ತಾರಂತೆ.

ಡಾಕ್ಟರ್: ದಯವಿಟ್ಟು ಅಳಿಸಿ. ಆ ಪೊಟ್ಟಣದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಬೆರೆತಿದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆ ಹೊಡೆತ, ಬಿಪಿ ಕುಸಿತ. ಹೃದಯ ದುರ್ಬಲವಾಗಿದ್ದರೆ ಸಾವೂ ಆಗಬಹುದು. ಆ ಮಾತ್ರೆಯನ್ನು ನಾವು ಕೊಡುವುದು ರೋಗಿಗೆ ಎಲ್ಲ ವಿವರಿಸಿ, ಅವರು ಒಪ್ಪಿದ ಮೇಲೆ.

ಮಂಡ್ಯ: ಕುಡಿಯುವವಳು ನಾನೇ. ಹೆಂಗಸರು ಬರುವ ಮೀಟಿಂಗ್ ಇದೆಯಾ? ಗಂಡಸರ ಮಧ್ಯೆ ಕೂತು ಹೇಳಿಕೊಳ್ಳಲು ಆಗಲ್ಲ.

ಬೆಳ್ತಂಗಡಿ: ಎಎ ಯಾಕೆ? ಧರ್ಮಸ್ಥಳ ಯೋಜನೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ನಮ್ಮ ಬೀದಿಯಲ್ಲೇ ಬಿಟ್ಟವರಿದ್ದಾರೆ.

ಬೆಂಗಳೂರು: ಶಿಬಿರ ಮುಗಿಸಿ ಬಂದು ಮತ್ತೆ ಬಾರ್‌ಗೆ ಹೋದವರನ್ನೂ ನೋಡಿದ್ದೇನೆ. ಎಎಯಲ್ಲಿ ವಾರವಾರ ಹೋಗುತ್ತೀವಿ.

ಬೆಳ್ತಂಗಡಿ: ಶಿಬಿರದ ನಂತರ ನವಜೀವನ ಸಮಿತಿ ಇದೆ, ಅಲ್ಲೂ ಸೇರುತ್ತಾರೆ. ಗೊತ್ತಿಲ್ಲದೆ ಮಾತಾಡಬೇಡಿ.

ಧಾರವಾಡ: ಎರಡರಲ್ಲೂ ದೇವರು. ದೇವರನ್ನು ನಂಬದವರು ಎಲ್ಲಿಗೆ ಹೋಗಬೇಕ್ರೀ?

ಬೆಂಗಳೂರು: ಎಎಯಲ್ಲಿ ನಿಮ್ಮ ಅರಿವಿಗೆ ಬಂದ ಶಕ್ತಿ ಅಂತಾರೆ, ಯಾವ ಮತವೂ ಅಲ್ಲ.

ಧಾರವಾಡ: ಎಎ ಸದಸ್ಯರು ಪಾಲಿಸುವ 12 ಹೆಜ್ಜೆ ಓದಿದ್ದೀನಿ. ದೇವರು ಅಂತಲೇ ಬರೆದಿದೆ.

ಚಿತ್ರದುರ್ಗ: ಆಂಬುಲೆನ್ಸ್ ಬಂತು. ಜಿಲ್ಲಾಸ್ಪತ್ರೆಗೆ ಹೊರಟಿದ್ದೇವೆ.

ಡಾಕ್ಟರ್: ಒಳ್ಳೆಯದು. ಬಿ1 ಮಾತು ಮರೆಯಬೇಡಿ.

ಬೆಳ್ತಂಗಡಿ: ದೇವರ ಹೆಸರಿನಲ್ಲಿ ಒಬ್ಬ ಕುಡಿತ ಬಿಟ್ಟರೆ ನಿಮಗೇನು ನಷ್ಟ?

ಧಾರವಾಡ: ನಷ್ಟ ಅಲ್ಲ ಸ್ವಾಮಿ, ನನಗೆ ದಾರಿ ಕೇಳಿದೆ.

ಡಾಕ್ಟರ್: ಸಾಕು, ಇಬ್ಬರೂ ನಿಲ್ಲಿಸಿ. ಧಾರವಾಡದವರೇ, ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೌನ್ಸೆಲಿಂಗ್, ಔಷಧಿ ಎರಡೂ ಇವೆ. ನಿಮ್ಮೂರಲ್ಲೇ ಡಿಮ್ಹಾನ್ಸ್ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್. ಅಲ್ಲಿ ದೇವರನ್ನು ನಂಬಲೇಬೇಕು ಅಂತಿಲ್ಲ.

ಶಿವಮೊಗ್ಗ: ಪುಡಿ ಆಯುರ್ವೇದ ಸರ್, ಸೈಡ್ ಎಫೆಕ್ಟ್ ಇಲ್ಲ ಅಂತ ಬರೆದಿದೆ.

ಡಾಕ್ಟರ್: ಬರೆದವರು ನಿಮ್ಮ ಮನೆಗೆ ಬಂದು ಫಿಟ್ಸ್ ನೋಡಿಕೊಳ್ಳುತ್ತಾರಾ? ಅಡ್ಮಿನ್, ಈ ಮೆಸೇಜ್ ತೆಗೆಯಿರಿ.

ಬಳ್ಳಾರಿ: ಆರು ತಿಂಗಳು ಬಿಟ್ಟಿದ್ದೆ. ಮದುವೆ ಮನೆಯಲ್ಲಿ ಕುಡಿದೆ. ಗುಂಪಿಗೆ ಮುಖ ತೋರಿಸಲು ಆಗುತ್ತಿಲ್ಲ.

ಡಾಕ್ಟರ್: ಮುಂದಿನ ಮೀಟಿಂಗ್‌ಗೇ ಹೋಗಿ. ಅಲ್ಲಿ ಕೂತವರಲ್ಲಿ ಅನೇಕರು ಹೀಗೇ ಬಿದ್ದು ಎದ್ದವರು. ನಿಮ್ಮ ಸ್ಪಾನ್ಸರ್‌ಗೆ, ಅಂದರೆ ಗುಂಪಿನಲ್ಲಿ ನಿಮಗೆ ದಾರಿ ತೋರಿಸುವ ಹಳೆಯ ಸದಸ್ಯರಿಗೆ, ಈ ರಾತ್ರಿಯೇ ಫೋನ್ ಮಾಡಿ.

ಮಂಡ್ಯ: ಹೆಂಗಸರ ಮೀಟಿಂಗ್ ಬಗ್ಗೆ ಕೇಳಿದ್ದೆ.

ರಾಯಚೂರು: ಫೀಸ್ ಎಷ್ಟು ಅಂತ ಯಾರಾದರೂ ಹೇಳ್ರೀ.

ಅಡ್ಮಿನ್: ಡಾಕ್ಟರ್‌ಗೆ ವಾರ್ಡಿನಿಂದ ಕರೆ ಬಂದಿದೆ, ಹೊರಟರು. ಪುಡಿಯ ಮೆಸೇಜ್ ಅಳಿಸಿದ್ದೇನೆ. ಮತ್ತೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.