ಸಹಾಯ ಬೇಕು: ಮಳೆ ಬಂದ್ರೆ ಸಾಕು, ಟ್ರಿಪ್ ಸರ್ಕ್ಯೂಟ್ ಅಲಾರಂ ಶುರು

ಸಬ್‌ಸ್ಟೇಷನ್ ಪ್ರೊಟೆಕ್ಷನ್ (ಫಾಲ್ಟ್ ಬಂದ್ರೆ ಲೈನ್ ಕಟ್ ಮಾಡೋ ವ್ಯವಸ್ಥೆ) ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ನೋಡಿ. ನಾನು 66/11 ಕೆವಿ ಸ್ಟೇಷನ್‌ನಲ್ಲಿ ಶಿಫ್ಟ್ ಮಾಡ್ತೀನಿ. ಒಂದು 11 ಕೆವಿ ಫೀಡರ್‌ನಲ್ಲಿ (ಊರಿಗೆ ಹೋಗೋ ಲೈನ್) ಹದಿನೈದು ದಿನದಿಂದ ಟ್ರಿಪ್ ಸರ್ಕ್ಯೂಟ್ (ಬ್ರೇಕರ್ ಬೀಳಿಸೋ ವೈರಿಂಗ್) ಫೇಲ್ ಅಂತ ಅಲಾರಂ ಬರುತ್ತೆ, ಅದೂ ಮಳೆ ಬಂದ ರಾತ್ರಿ ಬೆಳಗಿನ ಜಾವ ಮಾತ್ರ, ಎದ್ದು ಹೋಗಿ ಆ ಸರ್ಕ್ಯೂಟ್ ಸರಿ ಇದ್ಯಾ ಅಂತ ನೋಡೋ ಹೆಲ್ದಿ ಬಟನ್ ಒತ್ತಿದ್ರೆ ಲ್ಯಾಂಪ್ ಚೆನ್ನಾಗೇ ಉರಿಯುತ್ತೆ, ಬಿಸಿಲು ಬಿದ್ಮೇಲೆ ಅಲಾರಂ ಮಾಯ! ಯಾರಿಗೆ ತೋರಿಸ್ಲಿ ಹೇಳಿ.

ನಿನ್ನೆ ಟ್ರಿಪ್ ಸರ್ಕ್ಯೂಟ್‌ಗೆ ಬ್ಯಾಟರಿಯಿಂದ ಬರೋ ಡಿಸಿ ಅಳೆದೆ. 110 ವೋಲ್ಟ್ ಬ್ಯಾಟರಿ, ಫ್ಲೋಟ್‌ನಲ್ಲಿ (ಚಾರ್ಜರ್ ಸದಾ ಆನ್ ಇರೋವಾಗ) 120 ಇದೆ, ಅರ್ತ್‌ಗೆ ಎರಡೂ ಕಡೆ ಹತ್ತಿರತ್ತಿರ 60 ಬರ್ಬೇಕಲ್ವಾ, ಪಾಸಿಟಿವ್ 20, ನೆಗೆಟಿವ್ 100 ತೋರಿಸ್ತು. ಅಂದ್ರೆ ಪಾಸಿಟಿವ್ ಕಡೆ ಲೀಕ್. ಬ್ರೇಕರ್ ಬಾಕ್ಸ್ ತೆಗೆದ್ರೆ ಹೀಟರ್ ಕೆಲ್ಸ ಮಾಡ್ತಿಲ್ಲ, ಟರ್ಮಿನಲ್ ಮೇಲೆ ಹಸಿರು ಕಿಲುಬು, ಒಳಗೆ ಹಲ್ಲಿ ಬೇರೆ ಸಂಸಾರ ಹೂಡಿದೆ.

ಡಿಸಿ ಒಂದು ಕಡೆ ಮಾತ್ರ ಅರ್ತ್ ಆದ್ರೆ ಏನೂ ಆಗಲ್ಲ ನಿಜ, ಆದ್ರೆ ಎರಡನೇದು ಬ್ರೇಕರ್ ಬೀಳಿಸೋ ಟ್ರಿಪ್ ಕಾಯಿಲ್ ಹತ್ರ ಆದ್ರೆ ಬ್ರೇಕರ್ ಸುಮ್‌ಸುಮ್ನೆ ಬೀಳುತ್ತೆ. ಇನ್ನೊಂದು ಭಯ, ನಿಜವಾಗ್ಲೂ ಫಾಲ್ಟ್ ಬಂದಾಗ ರಿಲೇ (ಫಾಲ್ಟ್ ಗುರುತಿಸೋ ಸಾಧನ) ಪಿಕಪ್ ಆಗಿ, ಅಂದ್ರೆ ಕೆಲ್ಸ ಶುರು ಮಾಡಿ, ಕಾಯಿಲ್‌ಗೆ ಸಪ್ಲೈ ಹೋಗ್ದಿದ್ರೆ ಎಲ್ಲಾ ಫೀಡರ್‌ಗೂ ಸಪ್ಲೈ ಕೊಡೋ ಇನ್‌ಕಮರ್ ಬ್ರೇಕರ್ ಟ್ರಿಪ್ ಆಗಿ ಇಡೀ ಊರು ಕತ್ತಲೆ.

ಒಂದೊಂದೇ ಫೀಡರ್ ಡಿಸಿ ತೆಗೆದು ಹುಡುಕೋಣ ಅಂದ್ರೆ ಅಷ್ಟು ಹೊತ್ತು ಆ ರಿಲೇನೇ ಸತ್ತಿರುತ್ತೆ. ಕಡಿಮೆ ಫ್ರೀಕ್ವೆನ್ಸಿ ಸಿಗ್ನಲ್ ಬಿಟ್ಟು ಕ್ಲ್ಯಾಂಪ್ ಹಾಕಿ ಲೀಕ್ ಹುಡುಕೋ ಸೆಟ್ ಬಳಸಿದೋರು ಇದ್ದೀರಾ? ಅದ್ರಿಂದ ನ್ಯೂಮೆರಿಕಲ್ (ಡಿಜಿಟಲ್) ರಿಲೇಯ ಬೈನರಿ ಇನ್‌ಪುಟ್ (ಆನ್/ಆಫ್ ಸಿಗ್ನಲ್ ತಗೊಳ್ಳೋ ಟರ್ಮಿನಲ್) ತಪ್ಪಾಗಿ ಪಿಕಪ್ ಆಗಲ್ವಾ? ಅಥವಾ ಮೊದ್ಲು ಹೀಟರ್ ರೆಡಿ ಮಾಡಿ ಟರ್ಮಿನಲ್ ಬದಲಾಯಿಸಿ ನೋಡ್ಲಾ?